ಒಂದು ಚೆಂಬು ಕೆರೆ ನೀರಿನಲ್ಲಿ ಎಷ್ಟು ಗಿಡ?

ಬೆರಕೆ ಸೊಪ್ಪಿನ ಸಾರು ಮಾಡುವುದು ನಮಗೆಲ್ಲರಿಗೂ ಬರುತ್ತದೆ. ಆದರೆ ಇನ್ನೊಬ್ಬರ ಮನೆಯಲ್ಲಿ ಆ ಸಾರು ಉಂಡು, "ಇದಕ್ಕೆ ಅಣ್ಣೆ ಸೊಪ್ಪು ಹಾಕಿದೀಯ, ಗೋಣಿ ಸೊಪ್ಪೂ ಇದೆ, ಹೊನಗೊನ್ನೆ ಒಂದು ಹಿಡಿ ಜಾಸ್ತಿ ಆಯ್ತು ಕಣೇ" ಎಂದು ಹೇಳಬಲ್ಲವರು ಓಣಿಗೆ ಒಬ್ಬಿಬ್ಬರು ಮಾತ್ರ. ಸೊಪ್ಪೆಲ್ಲ ಬೆಂದು, ಮಸೆದು, ಎಲೆಯ ಆಕಾರವಾಗಲಿ ಕಡ್ಡಿಯ ಗುರುತಾಗಲಿ ಉಳಿದಿರುವುದಿಲ್ಲ. ಆದರೂ ಅವರ ನಾಲಗೆ ಒಂದೊಂದನ್ನೇ ಬಿಡಿಸಿ ಹೆಸರು ಹೇಳಿಬಿಡುತ್ತದೆ.

ಕೆರೆಯ ನೀರೂ ಹೀಗೇ ಒಂದು ಬೆರಕೆ ಸೊಪ್ಪಿನ ಸಾರು ಎಂದರೆ ನಗಬೇಡಿ. ದಡದ ಜೊಂಡು, ನಡುವಿನ ತಾವರೆ, ನೀರೊಳಗೇ ಮುಳುಗಿ ಬೆಳೆಯುವ ಎಳೆ ಎಳೆ ಗಿಡಗಳು, ಏರಿಯ ಮೇಲಿನ ಹೊಂಗೆ, ಕೆರೆಯಂಗಳದ ಜಾಲಿ, ಇವೆಲ್ಲ ತಮ್ಮ ಎಲೆ, ಬೇರು, ಪರಾಗ, ಬೀಜಗಳ ಚೂರನ್ನು ದಿನವೂ ನೀರಿಗೆ ಉದುರಿಸುತ್ತಲೇ ಇರುತ್ತವೆ. ಚೂರು ಕೊಳೆಯುತ್ತದೆ, ಕರಗುತ್ತದೆ. ಕಣ್ಣಿಗೆ ಕಾಣುವಂಥದ್ದೇನೂ ಉಳಿಯುವುದಿಲ್ಲ. ಆದರೆ ಆ ಗಿಡದ ಜೀವಕೋಶದೊಳಗಿದ್ದ ಡಿ.ಎನ್.ಎ. ಎಂಬ ಎಳೆ ಇನ್ನೂ ಕೆಲವು ದಿನ ನೀರಿನಲ್ಲಿ ತೇಲಾಡುತ್ತಿರುತ್ತದೆ. ಒಂದು ಚೆಂಬು ನೀರು ತಂದು, ಅದರಲ್ಲಿರುವ ಎಳೆಗಳನ್ನು ಓದಿ, ಈ ಕೆರೆಯಲ್ಲಿ ಇಂತಿಂಥ ಗಿಡಗಳಿವೆ ಎಂದು ಹೇಳುವ ವಿದ್ಯೆ ಈಗ ಬಂದಿದೆ. ವಿಜ್ಞಾನಿಗಳು ಇದನ್ನು 'ಪರಿಸರ ಡಿ.ಎನ್.ಎ.' ಎಂದು ಕರೆಯುತ್ತಾರೆ.

"ಕೆರೆ ಗಿಡದ ಪಟ್ಟಿ ಕಟ್ಕೊಂಡು ನಮಗೇನಾಗಬೇಕು?" ಎಂದು ನೀವು ಕೇಳಬಹುದು. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಸೋದರಿಯರಾದರೆ ಈ ಪ್ರಶ್ನೆ ಕೇಳಲಾರರು. ಏಕೆಂದು ಹೇಳುತ್ತೇನೆ.

ಬರದ ಸೀಮೆಯ ಕೆರೆಗಳು

ಚಳ್ಳಕೆರೆ ಎಂದರೆ ಶೇಂಗಾ, ಎಣ್ಣೆ ಗಿರಣಿ, ಕಂಬಳಿ. ಮೊಳಕಾಲ್ಮುರು ಎಂದರೆ ರೇಷ್ಮೆ ಸೀರೆ. ಇಷ್ಟು ನಾಡಿಗೆಲ್ಲ ಗೊತ್ತು. ಆದರೆ ಇದು ರಾಜ್ಯದಲ್ಲೇ ಮಳೆ ತೀರ ಕಡಿಮೆ ಬೀಳುವ ಸೀಮೆ ಎಂಬುದು ಅಲ್ಲಿ ನೀರು ಹೊತ್ತವರಿಗೇ ಚೆನ್ನಾಗಿ ಗೊತ್ತು. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಬಿದ್ದರೆ ಅದೇ ಒಳ್ಳೆಯ ವರ್ಷ. ಅದಕ್ಕೇ ಇಲ್ಲಿ ಕೆರೆ ಕಟ್ಟಿಸಿದವರನ್ನು ಜನ ದೇವರೆಂದೇ ಪೂಜಿಸಿದರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಸುತ್ತಮುತ್ತ ಐದು ಕೆರೆ ಕಟ್ಟಿಸಿದರೆಂದೂ, ಎಷ್ಟು ಮಣ್ಣು ಹೊತ್ತರೋ ಅಷ್ಟಕ್ಕೆ ಸರಿಯಾಗಿ ಕೂಲಿ ಸಿಗುತ್ತಿತ್ತೆಂದೂ ನಂಬಿಕೆ. 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಅವರ ಮಾತು ಇವತ್ತಿಗೂ ಆ ಕಡೆಯ ಮನೆಮನೆಯ ಬಾಯಲ್ಲಿದೆ. ದೇವರ ಹೆಸರಿನಲ್ಲಿ ಕೂಲಿಯ ಲೆಕ್ಕ ಇಷ್ಟು ನೇರವಾಗಿ ಇಟ್ಟವರು ಅಪರೂಪ!

ವೇದಾವತಿ ಹೊಳೆಗೆ ಹಿರಿಯೂರಿನ ಬಳಿ ಕಟ್ಟಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಮುಗಿದದ್ದು 1907ರಲ್ಲಿ. ಅದು ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ! ಅಜ್ಜಿ ಕಂಡ ಕೋಡಿಯನ್ನು ಮರಿಮಗಳು ಕಾಣಬೇಕಾಯಿತು. ಆ ವರ್ಷ ಮೊರದ ಬಾಗಿನ ಹಿಡಿದು ನೀರಿನ ಬಳಿಗೆ ಹೋದ ಹೆಂಗಸರು ಎಷ್ಟೋ ಮಂದಿ. ವೇದಾವತಿ ಮುಂದೆ ಚಳ್ಳಕೆರೆ ತಾಲ್ಲೂಕಿನಲ್ಲಿ ಹಾಯುತ್ತಾಳೆ. ಮೊಳಕಾಲ್ಮುರು ತಾಲ್ಲೂಕಿಗೆ ಚಿನ್ನಹಗರಿಯ ರಂಗಯ್ಯನದುರ್ಗ ಜಲಾಶಯವಿದೆ. ಉಳಿದದ್ದೆಲ್ಲ ಕೆರೆ, ಕಟ್ಟೆ, ಗೋಕಟ್ಟೆಗಳೇ.

ಇಂಥ ಸೀಮೆಯ ಕೆರೆಯ ಸ್ವಭಾವವೇ ಬೇರೆ. ಮಲೆನಾಡಿನ ಕೆರೆಯಂತೆ ವರ್ಷವಿಡೀ ತುಂಬಿ ನಿಲ್ಲುವುದಿಲ್ಲ. ಎರಡು ವರ್ಷ, ನಾಲ್ಕು ವರ್ಷ ಒಣಗಿ ಬಿರುಕು ಬಿಟ್ಟಿರುತ್ತದೆ. ದನ ಮೇಯುತ್ತವೆ, ಹುಡುಗರು ಕ್ರಿಕೆಟ್ ಆಡುತ್ತಾರೆ, ಬಳ್ಳಾರಿ ಜಾಲಿ ಹಬ್ಬಿಕೊಳ್ಳುತ್ತದೆ. ಒಂದು ವರ್ಷ ಹುಬ್ಬೆ, ಉತ್ತರೆ ಸುರಿದು ಕೆರೆ ತುಂಬಿತೋ, ಮೂರೇ ವಾರದಲ್ಲಿ ಅಂಚಿನಲ್ಲಿ ಹೊನಗೊನ್ನೆ, ನಡುವೆ ನೈದಿಲೆ! ಬಿತ್ತಿದವರು ಯಾರು? ಯಾರೂ ಇಲ್ಲ. ಅಷ್ಟು ವರ್ಷವೂ ಬೀಜ, ಗೆಡ್ಡೆ, ಬೇರುಗಳು ಕೆರೆಗೋಡಿನಲ್ಲಿ ಮಲಗಿದ್ದವು.

ಎಷ್ಟು ಕಾಲ ಮಲಗಿರಬಲ್ಲವು ಎಂಬುದಕ್ಕೆ ಒಂದು ಸೋಜಿಗದ ಉದಾಹರಣೆ ಉಂಟು. ಚೀನಾ ದೇಶದ ಈಶಾನ್ಯ ಭಾಗದಲ್ಲಿ ಎಂದೋ ಒಣಗಿಹೋದ ಒಂದು ಕೆರೆಯ ಹಾಸಿನಿಂದ ತಾವರೆ ಬೀಜಗಳನ್ನು ತೆಗೆದರು. ಜೇನ್ ಶೆನ್-ಮಿಲ್ಲರ್ ಎಂಬ ಮಹಿಳಾ ವಿಜ್ಞಾನಿ ಅವುಗಳಲ್ಲಿ ಒಂದನ್ನು ಮೊಳಕೆ ಬರಿಸಿ, ಅದರ ವಯಸ್ಸು ಸುಮಾರು 1,300 ವರ್ಷ ಎಂದು 1995ರಲ್ಲಿ ಪ್ರಕಟಿಸಿದರು. ನಾವು ಡಬ್ಬಿಯಲ್ಲಿಟ್ಟ ಕೊತ್ತಂಬರಿ ಬೀಜ ಮೂರನೆಯ ವರ್ಷ ಮೊಳೆಯಲು ಮುನಿಸಿಕೊಳ್ಳುತ್ತದೆ, ನೋಡಿ.

ಹೀಗಾಗಿ ಬರದ ಸೀಮೆಯ ಕೆರೆಯಲ್ಲಿ ಕಣ್ಣಿಗೆ ಕಾಣುವ ಗಿಡ ಸ್ವಲ್ಪ, ಕಾಣದೆ ಇರುವುದು ಬಹಳ. ಸಸ್ಯಶಾಸ್ತ್ರದವರು ಒಂದು ಬೇಸಿಗೆಯಲ್ಲಿ ಬಂದು ಸುತ್ತು ಹಾಕಿದರೆ ಜಾಲಿ, ಗರಿಕೆ ಬರೆದುಕೊಂಡು ಹೋದಾರು. ನೀರಿದ್ದಾಗ ಬಂದರೆ ದಡದಲ್ಲಿ ನಿಂತು ಕಂಡಷ್ಟು ಬರೆದಾರು. ಮುಳುಗಿ ಬೆಳೆಯುವ ಗಿಡಕ್ಕೆ ಕೆಸರಿನಲ್ಲಿ ಇಳಿಯಬೇಕು, ತೆಪ್ಪ ಬೇಕು. ಆ ಗಿಡಗಳಲ್ಲಿ ಕೆಲವು ಹೂ ಬಿಡುವುದು ಕೆಲವೇ ವಾರ, ಹೂವಿಲ್ಲದೆ ಗುರುತೂ ಸಿಗದು. ನೀರನ್ನೂ ಕೆಸರನ್ನೂ ಕೇಳಿ ತಿಳಿಯುವ ವಿದ್ಯೆಗೆ ಬೆಲೆ ಬರುವುದು ಇಲ್ಲೇ.

ಸೋಸಿ, ಹೆಪ್ಪು ಹಾಕಿ, ಓದುವುದು

ಕೆಲಸ ಹೇಗೆ ನಡೆಯುತ್ತದೆ? ಅಡುಗೆಮನೆ ಬಲ್ಲವರಿಗೆ ಇದು ಕಷ್ಟದ ವಿಷಯವೇನಲ್ಲ.

ಮೊದಲು ನೀರು ತರುವುದು. ಒಂದೇ ಕಡೆಯಿಂದಲ್ಲ; ತೂಬಿನ ಹತ್ತಿರ, ಕೋಡಿಯ ಹತ್ತಿರ, ಹಳ್ಳ ಬಂದು ಸೇರುವಲ್ಲಿ, ಹೀಗೆ ಹಲವು ಕಡೆಯಿಂದ ಲೀಟರಿನಷ್ಟು ಬೇರೆ ಬೇರೆ ಬಾಟಲಿಗೆ. ಕೈಗೆ ಗ್ಲೌಸ್ ಹಾಕಿಕೊಳ್ಳಲೇಬೇಕು. ಮಡಿ ಅಂದರೆ ಮಡಿ! ಬೆಳಗ್ಗೆ ತಿಂದ ಉಪ್ಪಿಟ್ಟಿನ ಈರುಳ್ಳಿಯ ಚೂರು ಬೆರಳಿನಲ್ಲಿ ಉಳಿದಿದ್ದರೆ, ಕೆರೆಯಲ್ಲಿ ಈರುಳ್ಳಿ ಬೆಳೆದಿದೆ ಎಂದು ಯಂತ್ರ ಹೇಳಿಬಿಡುತ್ತದೆ.

ಆಮೇಲೆ ಸೋಸುವುದು. ನಮ್ಮ ಕಾಫಿ ಫಿಲ್ಟರಿನಂಥದ್ದೇ, ಆದರೆ ತೂತುಗಳು ಎಷ್ಟು ಸಣ್ಣವೆಂದರೆ ಒಂದು ಮಿಲಿಮೀಟರನ್ನು ಎರಡು ಸಾವಿರ ಪಾಲು ಮಾಡಿದರೆ ಒಂದು ಪಾಲಿನಷ್ಟು. ನೀರು ಕೆಳಕ್ಕೆ ಇಳಿಯುತ್ತದೆ, ಗಿಡದ ಚೂರು, ಕೋಶ, ಎಳೆಗಳಲ್ಲಿ ಬಹುಪಾಲು ಹಾಳೆಯ ಮೇಲೆ ನಿಲ್ಲುತ್ತದೆ. ನಮ್ಮ ಕಡೆಯ ಕೆರೆಯ ಕೆಂಪು ಬಗ್ಗಡದ ನೀರಾದರೆ ಒಂದು ಲೋಟ ಇಳಿಯುವ ಹೊತ್ತಿಗೇ ಹಾಳೆ ಕಟ್ಟಿಕೊಳ್ಳುತ್ತದೆ. ಅಂಥಲ್ಲಿ ಹಾಳೆ ಬದಲಿಸುತ್ತ ತಾಳ್ಮೆಯಿಂದ ಸೋಸಬೇಕು. ಹಾಳೆಯನ್ನು ತಂಪಿನಲ್ಲಿಟ್ಟು ಪ್ರಯೋಗಾಲಯಕ್ಕೆ ಒಯ್ದು, ಅಲ್ಲಿ ತೊಳೆದು, ಮಣ್ಣು ಜಿಡ್ಡು ಕಳೆದು, ಡಿ.ಎನ್.ಎ. ಮಾತ್ರ ಬೇರೆ ಮಾಡುತ್ತಾರೆ.

ಸಿಗುವುದು ತೀರ ಸ್ವಲ್ಪ. ಅದನ್ನು ಹೆಚ್ಚಿಸಬೇಕು. ಒಂದು ಚಮಚ ಹೆಪ್ಪು ಹಾಕಿದರೆ ಪಾತ್ರೆಯ ಹಾಲೆಲ್ಲ ಮೊಸರಾಗುವುದಿಲ್ಲವೇ, ಹಾಗೆ. ಈ ಹೆಪ್ಪಿನ ಹೆಸರು ನೀವು ಕೇಳಿಯೇ ಇದ್ದೀರಿ. 2020ರಲ್ಲಿ ಕೊರೊನಾ ಬಂದಾಗ ಮೂಗಿಗೆ ಕಡ್ಡಿ ಹಾಕಿ ಮಾಡಿದ ಪರೀಕ್ಷೆಯ ಕೊನೆಯಲ್ಲಿ 'ಪಿ.ಸಿ.ಆರ್.' ಎಂದಿತ್ತಲ್ಲ, ಅದೇ ಇದು. ಬಿಸಿ ಮಾಡಿ, ತಣಿಸಿ, ಮತ್ತೆ ಬಿಸಿ ಮಾಡಿ, ಪ್ರತಿ ಸುತ್ತಿಗೂ ಒಂದು ಎಳೆ ಎರಡಾಗುತ್ತದೆ. ಎರಡು ನಾಲ್ಕು, ನಾಲ್ಕು ಎಂಟು. ಮೂವತ್ತು ಸುತ್ತು ಮುಗಿಯುವಾಗ ಲೆಕ್ಕದ ಪ್ರಕಾರ ಒಂದು ಎಳೆ ನೂರು ಕೋಟಿ ದಾಟಿರುತ್ತದೆ. ನಂಬಿಕೆ ಬರದಿದ್ದರೆ ಮಕ್ಕಳ ಕೈಲಿ ಲೆಕ್ಕ ಹಾಕಿಸಿ ನೋಡಿ.

ಕೊನೆಗೆ ಓದುವುದು. ಡಿ.ಎನ್.ಎ. ಎಂಬುದು ನಾಲ್ಕೇ ಅಕ್ಷರದ ಬರಹ. ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರ ಹಿಂದುಮುಂದಾಗಿ ಸಾಲುಗಟ್ಟಿರುತ್ತವೆ. ಇಡೀ ಸಾಲನ್ನು ಓದುವುದಿಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಅಗುಳು ಒತ್ತುತ್ತೇವೆ, ತಪ್ಪಲೆಯನ್ನೆಲ್ಲ ಕಲಸುವುದಿಲ್ಲ ಅಲ್ಲವೇ? ಗಿಡದಿಂದ ಗಿಡಕ್ಕೆ ಬೇರೆಯಾಗುವ ಒಂದೆರಡು ತುಣುಕನ್ನು ಮಾತ್ರ ಓದುತ್ತಾರೆ. ಇಂಥ ಎರಡು ತುಣುಕುಗಳನ್ನು ಜಗತ್ತಿನ ಸಸ್ಯವಿಜ್ಞಾನಿಗಳ ಕೂಟ 2009ರಲ್ಲಿ ಗೊತ್ತುಮಾಡಿತು. ಎರಡೂ ಎಲೆಯ ಹಸಿರು ಚೀಲಗಳಲ್ಲಿ ಇರುವಂಥವು. ಒಂದೊಂದು ಕೋಶದಲ್ಲಿ ಅಂಥ ಚೀಲಗಳು ಬಹಳ ಇರುವುದರಿಂದ ನೀರಿನಲ್ಲಿ ಸಿಗುವ ಸಾಧ್ಯತೆಯೂ ಹೆಚ್ಚು. ಓದಿದ ಸಾಲನ್ನು, ಗುರುತಾದ ಗಿಡಗಳ ಸಾಲುಗಳಿರುವ ದೊಡ್ಡ ಖಾತೆಯೊಂದಿಗೆ ತಾಳೆ ನೋಡುತ್ತಾರೆ. ತಾಳೆಯಾದರೆ ಹೆಸರು ಸಿಕ್ಕಿತು.

ನೀರು ಹೇಳಿದ ಕಥೆಗಳು

ಈ ವಿದ್ಯೆ ತೀರ ಹಳೆಯದಲ್ಲ. ಸೈಬೀರಿಯದ ಹೆಪ್ಪುಗಟ್ಟಿದ ನೆಲದಲ್ಲಿ ಸಾವಿರಾರು ವರ್ಷದ ಹಿಂದಿನ ಗಿಡಗಳ, ಪ್ರಾಣಿಗಳ ಎಳೆ ಉಳಿದಿದೆ ಎಂದು 2003ರಲ್ಲಿ ಡೆನ್ಮಾರ್ಕಿನ ಎಸ್ಕೆ ವಿಲ್ಲರ್ಸ್ಲೆವ್ ಮತ್ತು ಜೊತೆಗಾರರು ತೋರಿಸಿದರು. ಫ್ರಾನ್ಸಿನ ಕೊಳಗಳಲ್ಲಿ ಹೊರಗಿನಿಂದ ಬಂದು ಸೇರಿದ ಒಂದು ಜಾತಿಯ ಗೂಳಿ ಕಪ್ಪೆಯನ್ನು, ಕಪ್ಪೆಯ ಮುಖ ನೋಡದೆ ಬರೀ ನೀರಿನಿಂದ ಪತ್ತೆ ಹಚ್ಚಿದ್ದು 2008ರಲ್ಲಿ. ಅಲ್ಲಿಂದ ಮೀನಿಗೆ, ಆಮೇಲೆ ಗಿಡಕ್ಕೆ ಬಂತು. ಮುಳುಗಿ ಬೆಳೆಯುವ ಹೈಡ್ರಿಲ್ಲ ಎಂಬ ಗಿಡ ನಮ್ಮ ಕೆರೆಗಳಲ್ಲೂ ಉಂಟು, ಮೀನಿನ ಗಾಜಿನ ತೊಟ್ಟಿಯಲ್ಲೂ ಇಡುತ್ತಾರೆ. ಜಪಾನಿನವರು ಅದನ್ನೂ ಅದರ ಹತ್ತಿರದ ಇನ್ನೊಂದು ಗಿಡವನ್ನೂ ನೀರಿನಿಂದಲೇ ಹುಡುಕಲು ಹೋಗಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಿಡ ಇದೆಯೇ ಇಲ್ಲವೇ ಎಂಬುದನ್ನು ನೀರು ಹೇಳಿತು. ಎಷ್ಟಿದೆ ಎಂಬುದು ಅಷ್ಟು ಸುಲಭಕ್ಕೆ ಸಿಗಲಿಲ್ಲ.

ನಮ್ಮ ದೇಶದಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ಶಿವಕುಮಾರ ಮನು ಮತ್ತು ಜಿ. ಉಮಾಪತಿ ಒಡಿಶಾದ ಚಿಲಿಕಾ ಸರೋವರದ ನೀರನ್ನು ಹೀಗೆ ಓದಿದ್ದಾರೆ. ಕೋಶದಿಂದ ಹೊರಬಂದು ನೀರಿನಲ್ಲಿ ಬಿಡಿಯಾಗಿ ತೇಲುವ ಎಳೆಗಳನ್ನೇ ಹಿಡಿದು ಓದಿದ್ದು ಅವರ ವಿಶೇಷ. ಬ್ಯಾಕ್ಟೀರಿಯಾದಿಂದ ಹಿಡಿದು ಗಿಡ, ಮೀನು, ಹಕ್ಕಿಗಳವರೆಗೆ 1,071 ಕುಟುಂಬಗಳ ಸುಳಿವು ಸಿಕ್ಕಿತೆಂದು 2023ರಲ್ಲಿ ವರದಿ ಮಾಡಿದರು. ಕುಟುಂಬ ಅಂದರೆ ನಮ್ಮ ನಿಮ್ಮ ಮನೆತನದಂತೆ. ಒಂದೊಂದರಲ್ಲಿ ಹತ್ತಾರು, ನೂರಾರು ಜಾತಿ ಇರಬಹುದು. ಚಿಲಿಕಾ ಸಮುದ್ರಕ್ಕೆ ಅಂಟಿಕೊಂಡ ಉಪ್ಪು ಮಿಶ್ರಿತ ನೀರು, ನಮ್ಮದು ಸಿಹಿನೀರು. ಸೋಸುವ, ಓದುವ ಕ್ರಮಕ್ಕೆ ಅದರಿಂದ ದೊಡ್ಡ ಅಡ್ಡಿಯಿಲ್ಲ.

ಕೆಸರಿನ ಕಥೆ ಇನ್ನೂ ಸ್ವಾರಸ್ಯದ್ದು. ನೀರಿನಲ್ಲಿ ಎಳೆ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಬಾಳುತ್ತದೆ. ತಳದ ಕೆಸರಿಗೆ ಇಳಿದು ಜೇಡಿಯ ಕಣಕ್ಕೆ ಅಂಟಿಕೊಂಡರೆ ಬಹುಕಾಲ ಉಳಿಯುತ್ತದೆ. ಗ್ರೀನ್‌ಲ್ಯಾಂಡಿನ ಮಣ್ಣಿನಲ್ಲಿ 20 ಲಕ್ಷ ವರ್ಷದ ಹಿಂದಿನ ಮರಗಿಡಗಳ ಎಳೆ ಸಿಕ್ಕಿದ್ದು 2022ರಲ್ಲಿ ಜಗತ್ತಿಗೆಲ್ಲ ಸುದ್ದಿಯಾಯಿತು. ಉತ್ತರ ನಾರ್ವೆಯ ಹನ್ನೊಂದು ಸರೋವರಗಳ ತಳದ ಕೆಸರನ್ನು ಓದಿ, ದಡದಲ್ಲಿ ಕಣ್ಣಾರೆ ಕಂಡ ಗಿಡಗಳೊಂದಿಗೆ ಹೋಲಿಸಿದಾಗ, ನೀರಿನ ಗಿಡಗಳೂ ದಡದ ಗಿಡಗಳೂ ಚೆನ್ನಾಗಿ ಸಿಕ್ಕವು, ದೂರದ ಗುಡ್ಡದವು ತಪ್ಪಿಸಿಕೊಂಡವು ಎಂದು 2018ರಲ್ಲಿ ತಿಳಿಯಿತು.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಬಂಡೆಯ ಮೇಲೆ ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಕೂತಿತ್ತು. ದನ ಕಾಯುವವರು ದಿನಾ ಅದರ ಪಕ್ಕದಲ್ಲೇ ಹಾದುಹೋಗುತ್ತಿದ್ದಿರಬೇಕು. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದ ಮೇಲೆಯೇ ಅದು ಏನೆಂದು ಲೋಕಕ್ಕೆ ಗೊತ್ತಾಯಿತು. ಕೆರೆಯ ಕೆಸರೂ ಓದುವವರಿಗಾಗಿ ಕಾದು ಕೂತಿರುವ ಬರಹವೇ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಕಲ್ಲಿನ ಬರಹ ಬಿಸಿಲಿಗೆ ಜಗ್ಗುವುದಿಲ್ಲ, ಎಳೆಯ ಬರಹ ಜಗ್ಗುತ್ತದೆ. ನಾರ್ವೆ, ಗ್ರೀನ್‌ಲ್ಯಾಂಡಿನ ಚಳಿಯಲ್ಲಿ ಉಳಿದಷ್ಟು ಕಾಲ ನಮ್ಮ ಸುಡುಬಿಸಿಲಿನಲ್ಲಿ ಅದು ಉಳಿಯದು. ಕೆರೆ ಒಣಗಿ, ಬಿರಿದು, ಮೇಲೆ ಟ್ರಾಕ್ಟರ್ ಓಡಿದರೆ ಇನ್ನೂ ಬೇಗ ಅಳಿಸಿಹೋಗುತ್ತದೆ.

ಎಲ್ಲವನ್ನೂ ನಂಬಬೇಡಿ

ಹೊಸ ವಿದ್ಯೆ ಬಂದಾಗ ಹೊಗಳಿ ಅಟ್ಟಕ್ಕೇರಿಸುವುದು ಪತ್ರಿಕೆಯವರ ಚಾಳಿ. ಅದಕ್ಕೇ ಒಂದೆರಡು ಎಚ್ಚರಿಕೆ.

ಚಳ್ಳಕೆರೆಯ ಯಾವುದೇ ಕೆರೆಯ ನೀರನ್ನು ಓದಿ, ಶೇಂಗಾ ಸಿಗದೆ ಇರುವುದಿಲ್ಲ ಎಂದು ಪಂದ್ಯ ಕಟ್ಟಬಹುದು. ಹೊಲದಿಂದ ಹರಿದು ಬಂದಿರುತ್ತದೆ, ಸಿಪ್ಪೆ ಹಾರಿ ಬಿದ್ದಿರುತ್ತದೆ. ಪಾತ್ರೆ ತೊಳೆದ ನೀರು ಸೇರುವ ಕೆರೆಯಾದರೆ ಅಕ್ಕಿ, ತೊಗರಿ, ಟೊಮೇಟೊ, ಸಾಸಿವೆ ಎಲ್ಲ ಪಟ್ಟಿಯಲ್ಲಿ ಹಾಜರು. ಅದು ಕೆರೆಯ ಗಿಡದ ಪಟ್ಟಿಯೋ ದಿನಸಿ ಅಂಗಡಿಯ ಚೀಟಿಯೋ ಎಂದು ತಿಳಿದವರು ಕೂತು ಬಿಡಿಸಬೇಕು. ಗಾಳಿಯಲ್ಲಿ ಬಂದ ಪರಾಗ ಬೇರೆ. ಮತ್ತೆ, ಸತ್ತ ಗಿಡದ ಎಳೆಯೂ ಬದುಕಿದ ಗಿಡದ ಎಳೆಯೂ ಒಂದೇ ಥರ. ಕೆಸರಿನಲ್ಲಿ ತಾವರೆಯ ಎಳೆ ಸಿಕ್ಕಿತೆಂದರೆ ಬೀಜ ಜೀವಂತ ಇದೆಯೆಂದು ಅರ್ಥವಲ್ಲ. ಅದಕ್ಕೆ ಕೆಸರನ್ನು ಒಂದು ತಟ್ಟೆಯಲ್ಲಿ ಹರಡಿ, ನೀರು ಹಾಕಿ, ಏನು ಮೊಳೆಯುತ್ತದೆ ಎಂದು ಕಾದು ನೋಡುವ ಹಳೆಯ ಕ್ರಮವೇ ಬೇಕು. ಇದನ್ನು ಶಾಲೆಯ ಮಕ್ಕಳೂ ಮಾಡಬಹುದು.

ಖಾತೆಯಲ್ಲಿ ಇಲ್ಲದ ಗಿಡದ್ದು ಇನ್ನೊಂದು ತೊಂದರೆ. ಎಳೆ ಸಿಕ್ಕಿರುತ್ತದೆ, ಆದರೆ ತಾಳೆ ನೋಡಲು ಸಾಲಿಲ್ಲ. 'ಯಾವುದೋ ಹುಲ್ಲು' ಎಂದಷ್ಟೇ ಬರೆದು ಮುಂದೆ ಹೋಗುತ್ತಾರೆ. ಹುಲ್ಲು, ಜೊಂಡುಗಳಲ್ಲಂತೂ ಒಂದಕ್ಕೊಂದು ಅಕ್ಕತಂಗಿಯರಂತಿದ್ದು ತುಣುಕೂ ಒಂದೇ ಆಗಿಬಿಡುತ್ತದೆ. ಖಾತೆ ತುಂಬಬೇಕಾದರೆ ಯಾರಾದರೂ ಕೆರೆಗೆ ಹೋಗಿ, ಗಿಡ ಕಿತ್ತು, ಇದು ಇಂಥದ್ದೇ ಎಂದು ಖಚಿತವಾಗಿ ಹೇಳಬೇಕು. ಯಂತ್ರ ಎಷ್ಟೇ ದೊಡ್ಡದಿರಲಿ, ಮೊದಲ ಹೆಸರು ಹೇಳುವವರು ಗಿಡದ ಗುರುತು ಬಲ್ಲವರೇ.

ಹೊನಗೊನ್ನೆಯೋ, ಅದರ ತದ್ರೂಪವೋ?

ಇದು ನಮ್ಮ ಒಲೆಯ ತನಕ ಬರುವ ವಿಷಯ. ಹೊನಗೊನ್ನೆ ಸೊಪ್ಪು ಕಣ್ಣಿಗೆ ಒಳ್ಳೆಯದೆಂದು ಅಜ್ಜಿಯರ ಕಾಲದಿಂದ ನಂಬಿಕೆ. ನೆನೆಸಿದ ಹೆಸರುಬೇಳೆ, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ, ಗಾಣದ ಶೇಂಗಾ ಎಣ್ಣೆಯ ಒಗ್ಗರಣೆಯಲ್ಲಿ ಬಾಡಿಸಿ, ಮೇಲೆ ಹಸಿಕೊಬ್ಬರಿ ಉದುರಿಸಿದ ಪಲ್ಯಕ್ಕೆ ಜೋಳದ ರೊಟ್ಟಿ ಇದ್ದರೆ ಬೇರೇನೂ ಬೇಡ. ಬರಗಾಲದಲ್ಲಿ, ಕಾಸಿಲ್ಲದ ದಿನದಲ್ಲಿ ಕೆರೆಯಂಚಿನ ಈ ಸೊಪ್ಪು ಎಷ್ಟು ಮನೆಗಳ ಮುದ್ದೆಗೆ ಜೊತೆಯಾಗಿದೆಯೋ!

ಈ ಹೊನಗೊನ್ನೆಗೆ ದಕ್ಷಿಣ ಅಮೆರಿಕದಿಂದ ಬಂದ ಒಂದು ದಾಯಾದಿ ಉಂಟು. ಇಂಗ್ಲಿಷಿನಲ್ಲಿ ಅಲಿಗೇಟರ್ ವೀಡ್ ಎನ್ನುತ್ತಾರೆ. ಬೆಂಗಳೂರಿನ ಕೊಳಕು ನೀರಿನ ಕೆರೆಗಳಲ್ಲಿ ಅದು ದಟ್ಟವಾಗಿ ಹಬ್ಬಿದೆ. ನೋಡಲು ಹೊನಗೊನ್ನೆಯಂತೆಯೇ. ಗುರುತು ಹೂವಿನಲ್ಲಿದೆ. ಹೊನಗೊನ್ನೆಯ ಬಿಳಿ ಹೂಗುಚ್ಛ ಎಲೆಯ ಕಂಕುಳಲ್ಲಿ, ಕಾಂಡಕ್ಕೆ ಅಂಟಿಕೊಂಡೇ ಇರುತ್ತದೆ. ದಾಯಾದಿಯ ಹೂಗುಚ್ಛಕ್ಕೆ ಉದ್ದ ತೊಟ್ಟು ಇರುತ್ತದೆ, ಕಾಂಡ ಕೊಳವೆಯಂತೆ ಟೊಳ್ಳು. ಹೂವಿಲ್ಲದ ಎಳೆ ಸೊಪ್ಪಿನ ಕಟ್ಟಿನಲ್ಲಿ ಗುರುತು ಹಚ್ಚುವುದು ಕಷ್ಟ. ಹೊರಗಿನ ಕಳೆ ಒಂದು ಕೆರೆಗೆ ಬಂದ ಮೊದಲ ವರ್ಷದಲ್ಲೇ, ಮೂಲೆಯಲ್ಲಿ ಹತ್ತು ಕಡ್ಡಿ ಇರುವಾಗಲೇ ಗೊತ್ತಾದರೆ ಕಿತ್ತು ಹಾಕಬಹುದು. ಕೆರೆ ತುಂಬ ಹಾಸಿಕೊಂಡ ಮೇಲೆ ಜೆ.ಸಿ.ಬಿ.ಯೂ ಸೋಲುತ್ತದೆ. ಪರಿಸರ ಡಿ.ಎನ್.ಎ.ಯ ಮುಖ್ಯ ಉಪಯೋಗ ಈ ಮುನ್ಸೂಚನೆಯೇ ಎಂದು ನನಗನ್ನಿಸುತ್ತದೆ. ಇಂಥ ಹತ್ತಿರದ ದಾಯಾದಿಗಳನ್ನು ಬೇರೆ ಮಾಡಲು ಚಿಕ್ಕ ತುಣುಕು ಸಾಲದೆ ಹೋಗಬಹುದು, ಇನ್ನೊಂದು ತುಣುಕನ್ನೂ ಓದಬೇಕಾಗುತ್ತದೆ, ಅಷ್ಟೆ.

ಒಂದು ಮಾತು ನೆನಪಿಡಿ. ಸೊಪ್ಪು ಯಾವುದು ಎಂದು ಈ ಪರೀಕ್ಷೆ ಹೇಳೀತು, ತಿನ್ನಬಹುದೇ ಎಂದು ಹೇಳದು. ಊರ ಚರಂಡಿ, ಕಾರ್ಖಾನೆಯ ನೀರು ಸೇರುವ ಕೆರೆಯ ಸೊಪ್ಪು ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿಕೊಂಡಿರುತ್ತದೆ. ತೊಳೆದರೆ ಹೋಗುವಂಥದ್ದಲ್ಲ. ಅಂಥ ಕಡೆಯದನ್ನು ಮನೆಗೆ ತರಲೇಬೇಡಿ.

ಭದ್ರೆಯ ನೀರು ಬರುವ ಮೊದಲು

ಈಗ ಈ ಎರಡು ತಾಲ್ಲೂಕಿನ ಸದ್ಯದ ಮಾತಿಗೆ ಬರೋಣ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 367 ಕೆರೆಗಳಿಗೆ ಅರ್ಧದಷ್ಟು ನೀರು ತುಂಬಿಸುವ ಉದ್ದೇಶವಿದೆ. ಕಾಮಗಾರಿ ಎಷ್ಟೋ ವರ್ಷಗಳಿಂದ ನಡೆದಿದೆ. ನೀರು ಬರಲಿ, ಬೇಗ ಬರಲಿ. ಫ್ಲೋರೈಡ್ ಬೆರೆತ ಬೋರ್‌ವೆಲ್ ನೀರು ಕುಡಿದು ಹಲ್ಲು ಕೆಡಿಸಿಕೊಂಡ ಮಕ್ಕಳ ತಾಯಂದಿರಿಗೆ ಇದರಲ್ಲಿ ಎರಡು ಮಾತಿಲ್ಲ.

ಆದರೆ ನೀರು ಒಂಟಿಯಾಗಿ ಬರುವುದಿಲ್ಲ. ಮಲೆನಾಡಿನ ಹೊಳೆಯ ನೀರು ನೂರಾರು ಮೈಲಿ ಕಾಲುವೆಯಲ್ಲಿ ಹರಿದು ಬಯಲುಸೀಮೆಯ ಕೆರೆಗೆ ಬರುವಾಗ ಅಲ್ಲಿಯ ಬೀಜ, ಅಲ್ಲಿಯ ಕಳೆ, ಅಲ್ಲಿಯ ಮೀನಿನ ಮರಿ ಜೊತೆಗೇ ಬರುತ್ತವೆ. ಹಬ್ಬುವುದರಲ್ಲಿ ಹೆಸರಾದ ನೇರಳೆ ಹೂವಿನ ನೀರುಕಳೆ, ಕೆಲವರು ಅಂತರಗಂಗೆ ಎಂದೂ ಕರೆಯುವುದು, ಅನುಕೂಲ ಸಿಕ್ಕರೆ ಎರಡು ವಾರದಲ್ಲಿ ಇಮ್ಮಡಿಯಾಗುತ್ತದೆ. ವರ್ಷಾನುಗಟ್ಟಲೆ ಒಣಗಿ, ಆಮೇಲೆ ತುಂಬುವುದಕ್ಕೇ ಒಗ್ಗಿಕೊಂಡ ನಮ್ಮ ಗಿಡಗಳು, ವರ್ಷವಿಡೀ ನೀರು ನಿಂತರೆ ಏನಾಗುತ್ತವೆ? ಕೆಲವು ಹೆಚ್ಚಾವು, ಕೆಲವು ಕಾಣೆಯಾದಾವು. ಬಳ್ಳಾರಿ ಜಾಲಿಯದೂ ಒಂದು ಕಾಲಕ್ಕೆ ಇದೇ ಕಥೆ. ಮೆಕ್ಸಿಕೋ ಕಡೆಯ ಈ ಗಿಡವನ್ನು 1877ರ ಸುಮಾರಿಗೆ ಭಾರತಕ್ಕೆ ತಂದವರು ಸೌದೆಗೆ, ನೆರಳಿಗೆ ಒಳ್ಳೆಯದೆಂದೇ ತಂದದ್ದು. ಅದು ಬರುವ ಮೊದಲು ನಮ್ಮ ಕೆರೆಯಂಗಳದಲ್ಲಿ ಏನೇನಿತ್ತು ಎಂದು ಆಗ ಯಾರೂ ಬರೆದಿಡಲಿಲ್ಲ. ಹಾಗಾಗಿ ಏನು ಕಳೆದುಕೊಂಡೆವು ಎಂದು ಈಗ ಲೆಕ್ಕ ಕೇಳುವುದಕ್ಕೂ ಬರುವುದಿಲ್ಲ.

ಭದ್ರೆಯ ನೀರು ಬರುವ ಮೊದಲು ಒಂದು ಸಲ, ಬಂದ ಮೇಲೆ ವರ್ಷಕ್ಕೊಂದು ಸಲ, ಹತ್ತಿಪ್ಪತ್ತು ಕೆರೆಗಳ ನೀರು ಮತ್ತು ಕೆಸರನ್ನು ತೆಗೆದು ಓದಿಸಿಟ್ಟರೆ ಈ ಸಲವಾದರೂ ಲೆಕ್ಕ ಇರುತ್ತದೆ. ಇದಕ್ಕೆ ದೂರ ಹುಡುಕಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೇ ಇದೆ. ಒಂದು ಕಾಲಕ್ಕೆ ಅಮೃತಮಹಲ್ ದನಗಳು ಮೇಯುತ್ತಿದ್ದ ಕಾವಲು ಅದು. ಅದನ್ನು ಕೊಟ್ಟಿದ್ದರ ಬಗ್ಗೆ ಸುತ್ತಲಿನ ಹಳ್ಳಿಯವರಿಗೆ ಬೇಸರವೂ ಉಂಟು. ಅಲ್ಲಿ ನಾಡಿನ ಶಾಲೆ, ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ತರಬೇತಿಗೆ ಬಂದವರು ನಾಯಕನಹಟ್ಟಿಯ ಕೆರೆಯ ಒಂದು ಚೆಂಬು ನೀರು ಸೋಸಿ ಕಲಿತರೆ ವಿದ್ಯೆಯೂ ಆಯಿತು, ಊರಿಗೆ ಉಪಕಾರವೂ ಆಯಿತು.

ಹೂಳೆತ್ತುವ ವಿಷಯವೂ ಇದಕ್ಕೆ ಸೇರಿದ್ದೇ. ಕೆರೆಗೋಡು ಹೊಲಕ್ಕೆ ಚಿನ್ನ, ಎತ್ತಲೇಬೇಕು. ಆದರೆ ಇಡೀ ಕೆರೆಯನ್ನು ಒಂದೇ ಬೇಸಿಗೆಯಲ್ಲಿ ತಳ ಕಾಣುವಂತೆ ಕೆರೆದರೆ ಮಲಗಿದ್ದ ಬೀಜವೆಲ್ಲ ಲಾರಿ ಹತ್ತಿ ಹೋಗುತ್ತದೆ. ಒಂದು ಮೂಲೆಯನ್ನು ಮುಟ್ಟದೆ ಬಿಟ್ಟರೆ ಅಲ್ಲಿಂದ ಮತ್ತೆ ಹಬ್ಬಲು ಅವಕಾಶವಿರುತ್ತದೆ. ಎತ್ತುವ ಮುಂಚೆ ನಾಲ್ಕಾರು ಕಡೆಯ ಕೆಸರನ್ನು ಓದಿಸಿದರೆ ಯಾವ ಮೂಲೆ ಬಿಡಬೇಕೆಂದೂ ಗೊತ್ತಾದೀತು.

ಪಂಚಾಯಿತಿಯಲ್ಲೊಂದು ಪುಸ್ತಕ

ಇನ್ನು ನೀವು ಮಾಡಬಹುದಾದ ಒಂದು ಕೆಲಸ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿ, ಪಟ್ಟಣ ಪಂಚಾಯಿತಿ, ನಗರಸಭೆಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದರಲ್ಲಿ ಮೂರನೆಯ ಒಂದು ಪಾಲಿಗೆ ಕಡಿಮೆಯಾಗದಂತೆ ಹೆಂಗಸರಿರಬೇಕು ಎಂಬುದು ನಿಯಮ. ಆ ಸಮಿತಿ ಊರಿನ ಗಿಡ, ಮರ, ಪ್ರಾಣಿ, ಬೆಳೆಗಳನ್ನೂ ಅವುಗಳ ಬಗ್ಗೆ ಜನರಿಗಿರುವ ತಿಳುವಳಿಕೆಯನ್ನೂ ಒಂದು ದಾಖಲಾತಿ ಪುಸ್ತಕದಲ್ಲಿ ಬರೆದಿಡಬೇಕು. 'ಜನತಾ ಜೀವವೈವಿಧ್ಯ ದಾಖಲಾತಿ' ಎನ್ನುತ್ತಾರೆ. ಹಸಿರು ನ್ಯಾಯಮಂಡಳಿ ಗಡುವು ಹಾಕಿದ ಮೇಲೆ 2020ರ ಹೊತ್ತಿಗೆ ಎಲ್ಲೆಡೆ ಅವಸರದಲ್ಲಿ ಪುಸ್ತಕಗಳು ಸಿದ್ಧವಾದವು. ಅವಸರದ ಅಡುಗೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ.

ಆ ಪುಸ್ತಕವನ್ನು ತೋರಿಸಿ ಎಂದು ಪಂಚಾಯಿತಿಯಲ್ಲಿ ಕೇಳಿ ನೋಡಿ. ನಿಮ್ಮೂರ ಕೆರೆಯ ಪುಟ ತೆರೆದು, ಅಲ್ಲಿ ಸೊಪ್ಪುಗಳಿವೆಯೇ, ಜೊಂಡಿನಲ್ಲಿ ಎಷ್ಟು ಬಗೆ ಬರೆದಿದ್ದಾರೆ, ಹಬ್ಬಕ್ಕೆ ತರುವ ತಾವರೆ ಇದೆಯೇ, ಬಾಣಂತಿ ಪಥ್ಯಕ್ಕೆ ಅತ್ತೆ ತರಿಸುತ್ತಿದ್ದ ಬೇರು ಇದೆಯೇ ಎಂದು ನೋಡಿ. ಬಿಟ್ಟುಹೋಗಿದ್ದರೆ ಬರೆಸಿ; ಪುಸ್ತಕಕ್ಕೆ ಸೇರಿಸುತ್ತ ಹೋಗಲು ಅವಕಾಶವಿದೆ. ಮಳೆಗಾಲ ಕಳೆದು ಕಾರ್ತೀಕದ ಹೊತ್ತಿಗೆ, ನೀರು ತಿಳಿಯಾಗಿ ಹೂ ಬಿಟ್ಟಿರುವಾಗ, ಸೊಪ್ಪು ಕೀಳುವ ಹಿರಿಯರೊಬ್ಬರನ್ನು ಕರೆದುಕೊಂಡು ಒಂದು ಸಲ ಏರಿಯ ಮೇಲೆ ಸುತ್ತು ಹಾಕಿದರೆ ಮೂವತ್ತು ನಲವತ್ತು ಹೆಸರಾದರೂ ಸಿಗುತ್ತವೆ. ನಾಳೆ ವಿಜ್ಞಾನಿಗಳು ಬಾಟಲಿ ಹಿಡಿದು ಬಂದಾಗ ತಾಳೆ ನೋಡಲು ಮೊದಲು ಕೇಳುವುದು ಇಂಥ ಪಟ್ಟಿಯನ್ನೇ. ಆ ಪುಸ್ತಕದಲ್ಲಿ ಲ್ಯಾಟಿನ್ ಹೆಸರಿಗೆ ಒಂದು ಅಂಕಣವಿದೆ, ಊರಿನವರು ಏನೆಂದು ಕರೆಯುತ್ತಾರೆ ಎಂಬುದಕ್ಕೆ ಬೇರೆಯೇ ಒಂದು ಅಂಕಣವಿದೆ.